ಇಂಜಿನ್ನಿಗೆ ಹೂ ಕೇಳಿದ್ದು

ನಮ್ಮ ಮುತ್ತಾತ ಮುನಿರಾಮಪ್ಪನವರು ಚಾಮರಾಜಪೇಟೆಯ ಅಂಚಿನಲ್ಲಿ ಸೊಪ್ಪಿನ ತೋಟ ಮಾಡಿದವರು. ಒಂದು ಬೇಸಿಗೆಯಲ್ಲಿ ಅವರ ಎತ್ತು ಕಟ್ಟಿ ನೀರೆತ್ತುವ ಕಪಿಲೆ ಬಾವಿಯ ಗಾಲಿ ಮುರಿಯಿತು. ಬಡಗಿಯನ್ನು ಕರೆಯುವ ಜಾಯಮಾನ ನಮ್ಮದಲ್ಲ. ಮನೆಯ ಮುಂಬಾಗಿಲನ್ನೇ ಕಿತ್ತು ಗಾಲಿ ಮಾಡಿದರು. (ಮೂರು ತಿಂಗಳು ಮನೆಗೆ ಬಾಗಿಲಿರಲಿಲ್ಲ. ಆದರೆ ಮೂಲಂಗಿಗೆ ನೀರಿತ್ತು.) ಅವರ ಮಗ, ಅಂದರೆ ನಮ್ಮ ತಾತ ಸೊಣ್ಣಪ್ಪನವರು, ದಂಡಿನ ದೊರೆಯೊಬ್ಬನ ಮೋಟಾರು ಕೆಟ್ಟು ನಿಂತಾಗ ರೇಡಿಯೇಟರಿನ ತೂತಿಗೆ ರಾಗಿಮುದ್ದೆ ಮೆತ್ತಿ ಕಂಟೋನ್ಮೆಂಟಿನವರೆಗೆ ಓಡಿಸಿಕೊಟ್ಟ ಮಹಾನುಭಾವರು. ದೊರೆ ಕೈ ಕುಲುಕಿದನಂತೆ. ತಾತ ಆ ಕೈಯನ್ನು ಎಂಟು ದಿನ ತೊಳೆಯಲಿಲ್ಲ ಎಂದು ಅಜ್ಜಿ ಹೇಳುತ್ತಿದ್ದಳು. ಹೆಮ್ಮೆಗೆ ಹೇಳುತ್ತಿದ್ದಳೋ ಅಸಹ್ಯಕ್ಕೋ ತಿಳಿಯದು. ಇನ್ನು ನಮ್ಮಪ್ಪ ಮುನಿಸ್ವಾಮಪ್ಪ. ಒಂದು ಸೈಕಲ್ಲು, ಒಂದು ಹೊಲಿಗೆ ಯಂತ್ರ, ಎರಡನ್ನೂ ಬಿಚ್ಚಿ ತೆಂಗಿನಕಾಯಿ ತುರಿಯುವ ಯಂತ್ರವೊಂದನ್ನು ಆವಿಷ್ಕರಿಸಿದರು. ಅದು ತೆಂಗಿನಕಾಯಿಯನ್ನು ತುರಿಯಿತು. ಅಪ್ಪನ ಎಡಗೈ ಕಿರುಬೆರಳನ್ನೂ ತುರಿಯಿತು.

ಇಂಥ ವಂಶದ ಕುಡಿ ನಾನು, ಅಶ್ವತ್ಥಪ್ಪ. ವಯಸ್ಸು ಎಪ್ಪತ್ತೊಂದು. ಓದಿದ್ದು ನಾಲ್ಕನೇ ಕ್ಲಾಸು. ಐದನೇ ಕ್ಲಾಸಿಗೆ ನಾನು ಹೋಗಲಿಲ್ಲ ಎಂದು ಜನ ಹೇಳುತ್ತಾರೆ. ಐದನೇ ಕ್ಲಾಸು ನನ್ನ ಯೋಗ್ಯತೆಗೆ ಏರಲಿಲ್ಲ ಎಂದು ನಾನು ಹೇಳುತ್ತೇನೆ. ಮಿಕ್ಕ ವಿದ್ಯೆಯನ್ನೆಲ್ಲ ಮಾರುಕಟ್ಟೆಯಲ್ಲಿ ಪೊಟ್ಟಣ ಕಟ್ಟುವ ಕಾಗದ ಓದಿಯೇ ಕಲಿತವನು. ಹಾಗಾಗಿ ಲೋಕದ ಸಕಲ ವಿಷಯವೂ ನನಗೆ ಅರ್ಧ ಗೊತ್ತು. ಉಳಿದರ್ಧವನ್ನು ಯಾರೋ ಕಡಲೆಕಾಯಿಯ ಜೊತೆ ಮನೆಗೆ ಕೊಂಡುಹೋಗಿದ್ದಾರೆ.

ನಮ್ಮ ಮನೆಯಲ್ಲಿ ಒಂದು ವ್ಯಾನಿದೆ. ಇಪ್ಪತ್ತನಾಲ್ಕು ವರ್ಷದ್ದು. ಕೊಂಡಾಗ ಬಿಳಿ ಬಣ್ಣವಿತ್ತು. ಈಗಿನ ಬಣ್ಣಕ್ಕೆ ಇನ್ನೂ ಯಾರೂ ಹೆಸರಿಟ್ಟಿಲ್ಲ. ಈ ಜಾತಿಯ ವ್ಯಾನುಗಳಲ್ಲಿ ಇಂಜಿನ್ನು ಮುಂದಿನ ಸೀಟಿನ ಕೆಳಗಿರುತ್ತದೆ. ಸೀಟು ಎತ್ತಿದರೆ ಇಂಜಿನ್ನು, ಇಳಿಸಿದರೆ ನನ್ನ ಹೆಂಡತಿ ದ್ರೌಪದಮ್ಮ. ಇಪ್ಪತ್ತನಾಲ್ಕು ವರ್ಷದಲ್ಲಿ ಆ ಸೀಟನ್ನು ಎತ್ತಿದ ಗಂಡಸು ನಾನೊಬ್ಬನೇ. ಯಾವ ಮೆಕ್ಯಾನಿಕ್ಕನಿಗೂ ಅದರೊಳಗೆ ಇಣುಕಲು ಬಿಟ್ಟವನಲ್ಲ. ಫ್ಯಾನ್ ಬೆಲ್ಟು ಹರಿದಾಗ ದ್ರೌಪದಮ್ಮನ ಹಳೇ ಸೀರೆಯ ಅಂಚು ಕಟ್ಟಿ ಮಲ್ಲೇಶ್ವರದಿಂದ ಮನೆವರೆಗೆ ತಂದಿದ್ದೇನೆ. (ಅದು ಹಳೇ ಸೀರೆ ಅಲ್ಲ ಎಂಬುದು ಅವಳ ವಾದ. ಆ ಮೊಕದ್ದಮೆ ಹನ್ನೊಂದು ವರ್ಷದಿಂದ ನಡೆಯುತ್ತಿದೆ.)

ದ್ರೌಪದಮ್ಮನದು ಹಿತಕಿದ ಬೇಳೆಯ ವ್ಯಾಪಾರ. ಚಳಿಗಾಲ ಬಂತೆಂದರೆ ಬೆಳಿಗ್ಗೆ ನಾಲ್ಕಕ್ಕೆ ಕೆ.ಆರ್. ಮಾರುಕಟ್ಟೆಯಿಂದ ಅವರೆಕಾಯಿ ಮೂಟೆ ಬರಬೇಕು. ನಮ್ಮ ಅಂಗಳದಲ್ಲಿ ಹೆಂಗಸರು ಕೂತು ಕಾಯಿ ಸುಲಿಯಬೇಕು, ಕಾಳು ನೆನೆಸಬೇಕು, ಹಿತಕಬೇಕು. ಸಂಜೆಗೆ ಬಸವನಗುಡಿ, ಶೇಷಾದ್ರಿಪುರಂ, ಮಲ್ಲೇಶ್ವರದ ಮನೆಮನೆಗೆ ಬೇಳೆ ಮುಟ್ಟಬೇಕು. ಒಂದು ದಿನ ತಪ್ಪಿದರೆ ವಾಟ್ಸಾಪ್ ಗುಂಪಿನಲ್ಲಿ ಬಸವನಗುಡಿಯ ಮುತ್ತೈದೆಯರು ಹಾಕುವ ಅಳುವ ಗೊಂಬೆಗಳನ್ನು ನೋಡಿದರೆ ಎದೆ ಒಡೆಯುತ್ತದೆ. ವ್ಯಾನಿಲ್ಲದೆ ಈ ವ್ಯಾಪಾರವಿಲ್ಲ.

ಈ ವರ್ಷ ಅವರೆ ಶುರುವಾಗಲು ಹದಿನೈದು ದಿನವಿದೆ ಅನ್ನುವಾಗ ವ್ಯಾನು ಹೊಗೆಯುಗುಳಲು ಹಿಡಿಯಿತು. ಅದು ಅಂತಿಂಥ ಹೊಗೆಯಲ್ಲ, ನೀಲಿ ಹೊಗೆ. ನಮ್ಮ ಬೀದಿಗೆ ಬಂದರೆ ಕಾರ್ಪೊರೇಷನ್ನಿನವರು ಸೊಳ್ಳೆ ಹೊಗೆ ಹಾಕಲು ಬಂದರೆಂದು ಮಕ್ಕಳು ಹಿಂದೆ ಕುಣಿಯುತ್ತ ಓಡುತ್ತಿದ್ದವು, ಮುದುಕಿಯರು 'ನಮ್ ಮೋರಿಗೂ ಒಂದ್ ಚೂರು ಬಿಡಪ್ಪ' ಎಂದು ಕೈಮುಗಿಯುತ್ತಿದ್ದರು. ಬುಲ್ ಟೆಂಪಲ್ ರಸ್ತೆಯ ಏರಿನಲ್ಲಿ ನಮ್ಮನ್ನು ಒಬ್ಬ ವಾಕಿಂಗಿನವರು ಹಿಂದೆ ಹಾಕಿದರು. ಓಡುವವರಾಗಿದ್ದರೆ ಬೇಸರವಿರಲಿಲ್ಲ. ಅವರು ಊರುಗೋಲು ಹಿಡಿದಿದ್ದರು.

"ಇದಕ್ಕೆ ಇನ್ನೇನು ಆಗ್ಬೇಕ್ರೀ?" ಎಂದಳು ದ್ರೌಪದಮ್ಮ. "ಸೀಟಿನ ಮೇಲೆ ಕೂತ್ರೆ ಒಲೆ ಮೇಲೆ ಕೂತಂಗಾಗುತ್ತೆ. ಮುರುಗೇಶನ್ನ ಕರೀತೀನಿ."

"ಮುರುಗೇಶ ಬಂದು ಏನ್ ಕಿಸೀತಾನೆ? ನಾನು ಕಿವಿಯಲ್ಲಿ ಕೇಳಿ ಹೇಳ್ತೀನಿ ಇಂಜಿನ್ನಿಗೆ ಏನಾಗಿದೆ ಅಂತ."

"ಪಕ್ಕದ ಮನೆ ಮಗು ಅತ್ರೆ ಕುಕ್ಕರ್ ಕೂಗ್ತು ಅಂತೀರ. ನಿಮ್ಮ ಕಿವಿ ಕಟ್ಕೊಂಡು ನಾನು ಅವರೆ ವ್ಯಾಪಾರ ಮಾಡ್ಲಾ?"

"ಇಪ್ಪತ್ನಾಲ್ಕು ವರ್ಷದಿಂದ ಆ ಇಂಜಿನ್ನನ್ನ ನಾನು ನೋಡ್ಕೊಂಡಿದೀನಿ!"

"ಇಪ್ಪತ್ನಾಲ್ಕು ವರ್ಷದಿಂದ ಅದರ ಮೇಲೆ ನಾನು ಕೂತಿದೀನಿ! ಅದರ ಸಂಕಟ ನಿಮಗಿಂತ ನನಗೆ ಚೆನ್ನಾಗಿ ಗೊತ್ತು."

ನಾನು ಸೀಟಿನ ಧೂಳು ಒರೆಸುವಷ್ಟರಲ್ಲಿ ಅವಳು ಫೋನ್ ಹಚ್ಚಿಯಾಗಿತ್ತು.

ಓಕಳಿಪುರದ ಮುರುಗೇಶ ಬಂದ. ವಯಸ್ಸು ನಲವತ್ತಿರಬಹುದು. ಒಳ್ಳೆಯ ಕೆಲಸಗಾರನೆಂದು ಊರೆಲ್ಲ ಹೇಳುತ್ತದೆ. ಅದೇ ನನಗೆ ಅವನ ಮೇಲಿರುವ ದೂರು. ಸೀಟು ಎತ್ತಲು ನಾನು ಬಿಡಲಿಲ್ಲ. ಅವನು ನಗುನಗುತ್ತ ಹೊಗೆ ಕೊಳವೆಗೆ ಬೆರಳಿಟ್ಟು ತಿರುವಿ, ಆ ಮಸಿಯನ್ನು ಮೂಸಿ, ವೈದ್ಯರ ಹಾಗೆ ಮುಖ ಮಾಡಿದ.

"ಅಣ್ಣಾ, ಎಣ್ಣೆ ಕುಡೀತಿದೆ. ಮೂರು ದಾರಿ ಇದೆ. ಒಂದು, ಸಣ್ಣ ರಿಪೇರಿ. ರಿಂಗು, ಸೀಲು ಹಾಕ್ಕೊಡ್ತೀನಿ, ಸಂಕ್ರಾಂತಿವರೆಗೂ ಎಳೆದ್ರೆ ನಿಮ್ಮ ಪುಣ್ಯ. ಎರಡು, ಪೂರ್ತಿ ಬಿಚ್ಚಿ, ಸಿಲಿಂಡರ್ ಬೋರ್ ಕೊರೆಸಿ, ಹೊಸದಾಗಿ ಕಟ್ಟೋದು. ಗಟ್ಟಿ ಆಗುತ್ತೆ, ಆದ್ರೆ ಲೇತ್‌ನವರ ಹತ್ರ ಒಂದು ತಿಂಗಳು ಕಾಯ್ಬೇಕು. ಮೂರು, ಇಂಜಿನ್ನೇ ಬದಲಾಯಿಸೋದು. ನನ್ನ ಹತ್ರ ಒಂದು ಸ್ಕೂಲ್ ವ್ಯಾನಿಂದು ಇದೆ. ಮೇಷ್ಟ್ರು ಓಡಿಸ್ತಿದ್ದಿದ್ದು, ಸ್ಪೀಡು ಯಾವತ್ತೂ ಮೂವತ್ತು ದಾಟಿಲ್ಲ. ಒಂದೇ ದಿನದ ಕೆಲಸ."

"ಮೂರನೇದೇ ಸರಿ," ಎಂದಳು ದ್ರೌಪದಮ್ಮ, ಅವನು ಬಾಯಿ ಮುಚ್ಚುವ ಮೊದಲೇ.

"ಎರಡನೇದು," ಎಂದೆ ನಾನು. "ಲೇತೂ ಬೇಡ, ತಿಂಗಳೂ ಬೇಡ. ನಾನೇ ಬಿಚ್ಚಿ, ನಾನೇ ಕಟ್ತೀನಿ. ಒಂದು ವಾರ."

ಮುರುಗೇಶ ಕೆಮ್ಮಿದ. ಅದು ಹೊಗೆಗೆ ಬಂದ ಕೆಮ್ಮಲ್ಲ. ವ್ಯಾನು ಆಗ ನಿಂತಿತ್ತು.

ಓದುಗರಿಗೆ ಒಂದು ಮಾತು ಬಿಚ್ಚಿ ಹೇಳಿಬಿಡುತ್ತೇನೆ. ಮನೆಯ ವ್ಯಾಪಾರ ಹೆಂಡತಿಯದು. ಲೆಕ್ಕ ಅವಳದು, ಗಿರಾಕಿಗಳು ಅವಳವರು, ಅಂಗಳದಲ್ಲಿ ಕೂರುವ ಹೆಂಗಸರು ಅವಳ ಸೈನ್ಯ. ಆ ಸೀಟಿನ ಕೆಳಗಿನ ಎರಡಡಿ ಜಾಗ ಮಾತ್ರ ನನ್ನ ರಾಜ್ಯ. ಅದನ್ನು ಇನ್ನೊಬ್ಬ ಎತ್ತಿದ ದಿನ ನನಗೆ ಉಳಿಯುವ ಕೆಲಸ ಎರಡೇ: ಹಾಲಿನ ಪ್ಯಾಕೆಟ್ ತರುವುದು, ಬಂದವರಿಗೆ 'ಅವಳು ಒಳಗಿದಾಳೆ' ಎಂದು ಹೇಳುವುದು.

ಮೂರು ದಿನ ಯುದ್ಧ ನಡೆಯಿತು. ಶೇಷಾದ್ರಿಪುರದಲ್ಲಿರುವ ಮಗಳು ಪ್ರೇಮಲತಾ ಫೋನಿನಲ್ಲಿ ಸಂಧಾನಕ್ಕೆ ಬಂದು, "ಅಪ್ಪಾ, ಅದನ್ನ ಗುಜರಿಗೆ ಹಾಕಿ ಎಲೆಕ್ಟ್ರಿಕ್ ತಗೊಳ್ಳಿ, ಸದ್ದೇ ಇರಲ್ಲ," ಎಂದಳು. "ಸದ್ದೇ ಇಲ್ದಿದ್ರೆ ಕೆಟ್ಟಿದ್ದು ಹೆಂಗೆ ಗೊತ್ತಾಗುತ್ತಮ್ಮ?" ಎಂದು ಕೇಳಿದೆ. ಅವಳು ತಾಯಿಗೆ ಫೋನ್ ಕೊಡಲು ಹೇಳಿದಳು. ತಾಯಿ, ಮಗಳು ಅರ್ಧ ಗಂಟೆ ನಕ್ಕರು. ಏನೆಂದು ನನಗೆ ಹೇಳಲಿಲ್ಲ.

ನಾಲ್ಕನೇ ದಿನ ದ್ರೌಪದಮ್ಮ ಅಂತಿಮಾಸ್ತ್ರ ತೆಗೆದಳು. "ನಿಮ್ಮದೂ ಬೇಡ, ನಂದೂ ಬೇಡ. ಶುಕ್ರವಾರ ತಾಯಿ ಹತ್ರ ಹೂ ಕೇಳೋಣ. ಅವಳು ಹೇಳ್ದಂಗೆ."

ನಮ್ಮ ಬೀದಿಯ ತುದಿಯಲ್ಲಿ ಕಪಿಲೆ ಬಾವಿ ಮುತ್ಯಾಲಮ್ಮನ ಗುಡಿಯಿದೆ. ಬಾವಿ ಹೋಗಿ ಎಷ್ಟೋ ಕಾಲವಾಯಿತು, ತಾಯಿ ಉಳಿದಿದ್ದಾಳೆ. ನಮ್ಮವರಲ್ಲಿ ಮದುವೆ ಕೂಡಿಸಲಿ, ಬೋರ್‌ವೆಲ್ ಕೊರೆಸಲಿ, ಸೀಟು ಸಿಗದಿದ್ದರೆ ಕಾಲೇಜು ಬದಲಿಸಲಿ, ಹೂ ಕೇಳದೆ ಹೆಜ್ಜೆ ಇಡುವುದಿಲ್ಲ. ದೇವಿಯ ಮೈಗೆ ಹಸಿ ಹೂ ಅಂಟಿಸಿ, ಪ್ರಶ್ನೆ ಇಟ್ಟು, ಕಾಯುತ್ತ ಕೂರುವುದು. ಬಲಗಡೆಯ ಹೂ ಬಿದ್ದರೆ ಹೌದು. ಎಡಗಡೆಯದು ಬಿದ್ದರೆ ಅಲ್ಲ. ಒಮ್ಮೊಮ್ಮೆ ಎರಡೂ ಬೀಳದೆ ಇಡೀ ಮಧ್ಯಾಹ್ನ ಕೂರಬೇಕಾಗುತ್ತದೆ.

ನಾನು ಒಪ್ಪಿಕೊಂಡೆ. ಎಷ್ಟು ಬೇಗ ಒಪ್ಪಿಕೊಂಡೆನೆಂದರೆ ದ್ರೌಪದಮ್ಮನೇ ನನ್ನ ಹಣೆ ಮುಟ್ಟಿ ಜ್ವರವಿದೆಯೇ ಎಂದು ನೋಡಿದಳು. ಕಾರಣ ಹೀಗಿದೆ. ಶುಕ್ರವಾರದ ಹೂವಿನ ಅಲಂಕಾರ ಮುತ್ತಾತನ ಕಾಲದಿಂದ ನಮ್ಮ ಮನೆಯ ಹಕ್ಕು. ಮಾರುಕಟ್ಟೆಯಿಂದ ಹೂ ತರುವವನು ನಾನು. ಅಂಟಿಸುವವನೂ ನಾನು. ಯಾವ ಹೂ ಎಷ್ಟು ಹೊತ್ತಿಗೆ ಬೀಳುತ್ತದೆಂಬುದು ತಾಯಿಗೆ ಎಷ್ಟು ಗೊತ್ತೋ ನನಗೂ ಅಷ್ಟೇ ಗೊತ್ತು.

(ಮುಂದೆ ಬರುವುದನ್ನು ಓದಿ ದೈವಭಕ್ತರು ನೊಂದುಕೊಳ್ಳಬಾರದು. ನಾನು ನಿಮಗಿಂತ ಹೆಚ್ಚು ನೊಂದಿದ್ದೇನೆ.)

ಫಲಿತಾಂಶ ಖಚಿತವಾದ ಮೇಲೆ ಶುಕ್ರವಾರದವರೆಗೆ ಕಾಯುವುದೇಕೆ? ಬುಧವಾರ ದ್ರೌಪದಮ್ಮ ಮಾಲೂರಿನ ಕಡೆ ಅವರೆ ಹೊಲ ನೋಡಲು ಬಸ್ ಹತ್ತಿದಳು. ನಾನು ಸೀಟು ಎತ್ತಿದೆ. ಮೇಲಿನ ಮುಚ್ಚಳ ಬಿಚ್ಚಿದೆ. ಕಾರ್ಬೊರೇಟರು ಬಿಚ್ಚಿದೆ. ಇಂಜಿನ್ನಿನ ತಲೆಯನ್ನೇ ಎತ್ತಿಬಿಟ್ಟೆ. ಎಲ್ಲ ನಟ್ಟು ಬೋಲ್ಟುಗಳನ್ನೂ ಡೀಸೆಲ್ಲಿನಲ್ಲಿ ತೊಳೆದು ಅವರೆಕಾಯಿಯ ಮಂಕರಿಗೆ ಹಾಕಿದೆ. ಯಾವುದು ಎಲ್ಲಿಯದೆಂದು ಚೀಟಿ ಅಂಟಿಸಲಿಲ್ಲ. ಓದಿದವರು ಚೀಟಿ ಅಂಟಿಸುತ್ತಾರೆ, ನಮಗೆ ನೆನಪಿರುತ್ತದೆ. ಮೇಲೆ ಗೋಣಿ ಮುಚ್ಚಿ, ಸೀಟು ಇಳಿಸಿ, ಕೈ ತೊಳೆದುಕೊಂಡೆ.

ಸಂಜೆ ಬಂದವಳೇ ಮೂಗರಳಿಸಿದಳು. "ಏನಿದು ಡೀಸೆಲ್ ವಾಸ್ನೆ?"

"ಮೊಣಕಾಲು ನೋವಿತ್ತು. ಹಚ್ಕೊಂಡೆ."

"ಮೊಣಕಾಲಿಗೆ ಡೀಸೆಲ್ಲಾ?"

"ನಮ್ಮಪ್ಪನೂ ಹಚ್ಕೋತಿದ್ರು."

"ಅದಕ್ಕೇ ಅವರ ಕಾಲು ಹಂಗಿದ್ದಿದ್ದು," ಎಂದು ಒಳಗೆ ಹೋದಳು. ಆಮೇಲೆ ಎರಡು ದಿನ ನಾನು ಕುಂಟಬೇಕಾಯಿತು. ಯಾವ ಕಾಲು ಎಂಬುದು ನಡುನಡುವೆ ಮರೆತುಹೋಗುತ್ತಿತ್ತು. ದ್ರೌಪದಮ್ಮ ಒಮ್ಮೆ, "ನೋವು ಈ ಕಾಲಿಗೆ ಬಂತಾ? ಪರವಾಗಿಲ್ಲ, ಇದಕ್ಕೂ ಒಂದು ಲೀಟರ್ ಹಾಕ್ಸಿ," ಎಂದಳು. ಆಗಲೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಶುಕ್ರವಾರ ಬೆಳಿಗ್ಗೆ ಮಾರುಕಟ್ಟೆಯಲ್ಲಿ ದಪ್ಪ ಸೇವಂತಿಗೆಯನ್ನೇ ಆರಿಸಿದೆ. ಗುಡಿಯಲ್ಲಿ ಆಗ ಪೂಜಾರಿ ಕೈಲಾಸ್ ಇನ್ನೂ ಬಂದಿರಲಿಲ್ಲ. ಈ ಕೈಲಾಸ್ ಎಂ.ಎ. ಮಾಡಿದ ಪೂಜಾರಿ, ಒಂದು ಕಿವಿಯಲ್ಲಿ ಸದಾ ಇಯರ್‌ಫೋನು. (ಇನ್ನೊಂದು ಕಿವಿ ಭಕ್ತರಿಗೆ.) ತಾಯಿಯ ಬಲಗಡೆಗೆ ನೀರು ಕುಡಿದು ಭಾರವಾದ ಒಂದು ಸೇವಂತಿಗೆಯನ್ನು ಬರೀ ನೆಪಕ್ಕೆ ತಾಗಿಸಿದೆ, ಒಂದು ನೊಣ ಕೂತರೂ ಸಾಕು, ಬೀಳಬೇಕು. ಎಡಗಡೆಯದನ್ನು ಬಾಳೆನಾರಿನಲ್ಲಿ ತಾಯಿಯ ಬೆಳ್ಳಿ ಕಿವಿಗೆ ಮೂರು ಸುತ್ತು ಸುತ್ತಿ ಗಂಟು ಹಾಕಿದೆ. ಆ ಹೂವನ್ನು ಕೀಳಲು ಇಂಜಿನ್ನು ಎತ್ತುವ ಸರಪಳಿಯೇ ಬರಬೇಕು. "ತಪ್ಪಾಯ್ತು ತಾಯಿ, ಹೊಸದಾಗಿ ಇಂಜಿನ್ ಕಟ್ಟಿದ ಮೇಲೆ ಮೊದಲನೇ ಸವಾರಿ ನಿಂದೇ," ಎಂದು ಬೇಡಿಕೊಂಡೆ. ತಾಯಿ ಮುಖ ತಿರುಗಿಸಲಿಲ್ಲ. ಒಪ್ಪಿಗೆ ಎಂದುಕೊಂಡೆ.

ಹತ್ತು ಗಂಟೆಗೆ ಬೀದಿಯ ಅರ್ಧ ಜನ ಗುಡಿಯಲ್ಲಿ ಸೇರಿದ್ದರು. ಅವರೆ ಸುಲಿಯುವ ಹೆಂಗಸರ ದಂಡನಾಯಕಿ ನಾರಾಯಣಮ್ಮ ಮುಂದಿನ ಸಾಲಿನಲ್ಲೇ ಕೂತಿದ್ದಳು. ಮುರುಗೇಶ ಒಂದು ಕಂಬಕ್ಕೆ ಒರಗಿದ್ದ.

"ಏನು ವಿಷಯ?" ಎಂದ ಕೈಲಾಸ್.

"ಇಂಜಿನ್ನು. ರಿಪೇರಿನೋ, ಬಿಚ್ಚಿ ಕಟ್ಟೋದೋ, ಬದಲಾಯಿಸೋದೋ ಅಂತ."

"ಮೂರಾದ್ರೆ ಆಗಲ್ಲ ಅಶ್ವತ್ಥಪ್ಪನೋರೇ. ತಾಯಿಗಿರೋದು ಎರಡೇ ಕಡೆ. ಒಂದು ಕಮ್ಮಿ ಮಾಡ್ಕೊಂಡ್ ಬನ್ನಿ."

ಸಣ್ಣ ರಿಪೇರಿಯನ್ನು ಸರ್ವಾನುಮತದಿಂದ ಕೈಬಿಡಲಾಯಿತು. ನಾನು ಗಂಟಲು ಸರಿಮಾಡಿಕೊಂಡೆ. ಎರಡು ದಿನದಿಂದ ಬಾಯಿಪಾಠ ಮಾಡಿದ್ದ ಪ್ರಶ್ನೆ ಸಿದ್ಧವಾಗಿತ್ತು: 'ಜಗನ್ಮಾತೆ, ಲೋಕೋದ್ಧಾರಿಣಿ, ಈ ನಿನ್ನ ಸೇವಕನು ಸ್ವಹಸ್ತದಿಂದ ಸದರಿ ಯಂತ್ರದ ಪುನರ್ನಿರ್ಮಾಣ ಕೈಗೊಳ್ಳುವುದು ನಿನಗೆ ಸಮ್ಮತವಾದಲ್ಲಿ...'

"ಜಗನ್ಮಾತೆ..." ಎಂದೆ.

"ನೀವಲ್ಲ," ಎಂದ ಕೈಲಾಸ್. "ಹೆಣ್ದೇವ್ರು. ಪ್ರಶ್ನೆ ಮನೆ ಹೆಣ್ಮಕ್ಕಳು ಇಡ್ಬೇಕು."

"ಅದ್ಯಾವಾಗಿಂದ?"

"ಯಾವಾಗ್ಲೂ. ನಿಮ್ಮ ಅಮ್ಮನೂ ಹಂಗೇ ಇಡ್ತಿದ್ರಂತೆ. ನಿಮಗೆ ಗೊತ್ತಿಲ್ವಾ?"

ಹೇಗೆ ಗೊತ್ತಿರಬೇಕು? ಐವತ್ತು ವರ್ಷದಿಂದ ಹೂ ಅಂಟಿಸಿಕೊಟ್ಟು ಹೊರಗಿನ ಜಗಲಿಯಲ್ಲಿ ಬೀಡಿ ಸೇದುತ್ತ ಕೂರುತ್ತಿದ್ದವನು ನಾನು. ಅಲಂಕಾರ ನಮ್ಮ ಹಕ್ಕು, ಪ್ರಶ್ನೆಯೂ ನಮ್ಮದೇ ಇರಬೇಕೆಂದು ನನ್ನಷ್ಟಕ್ಕೆ ತಿಳಿದುಕೊಂಡಿದ್ದೆ.

ದ್ರೌಪದಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು. ತಾಯಿಯನ್ನು ಬಲಗಡೆಯಿಂದ ಒಮ್ಮೆ, ಎಡಗಡೆಯಿಂದ ಒಮ್ಮೆ ನೋಡಿದಳು. (ಅವಳ ತೌರಿನವರು ಹೂ ಕಟ್ಟುವವರು. ಈ ಸಂಗತಿ ನನಗೆ ಆ ಕ್ಷಣದಲ್ಲಿ ನೆನಪಾಯಿತು.) ಕೈ ಮುಗಿದು, ಇಡೀ ಗುಡಿಗೆ ಕೇಳುವ ಹಾಗೆ ಹೇಳಿದಳು:

"ಅಮ್ಮಾ, ನಮ್ಮ ಯಜಮಾನ್ರು ಇನ್ಮೇಲೆ ಆ ವ್ಯಾನಿನ ಇಂಜಿನ್ನಿಗೆ ಕೈ ಹಾಕ್ಲೇಬಾರ್ದು, ಮುರುಗೇಶನೇ ಬದಲಾಯಿಸ್ಲಿ ಅನ್ನೋದಾದ್ರೆ, ಬಲಗಡೆ..."

ಟಪ್.

ಅವಳ ಮಾತು ಮುಗಿದಿರಲಿಲ್ಲ. ಕ್ರಿಯಾಪದವೇ ಬಂದಿರಲಿಲ್ಲ. ಹೂ ಹಿತ್ತಾಳೆ ತಟ್ಟೆಯಲ್ಲಿ ಬಿದ್ದು ಸದ್ದು ಮಾಡಿತು.

ಗಂಟೆಗಳೇನು, ಕೈಮುಗಿಯುವುದೇನು! ನಾರಾಯಣಮ್ಮ ಎರಡೂ ಕೆನ್ನೆ ಬಡಿದುಕೊಂಡಳು. "ಅಯ್ಯೋ ತಾಯಿ! ನನ್ನ ಮಗಳ ಮದುವೆಗೆ ಮೂರು ಗಂಟೆ ಕೂರಿಸ್ದೆ. ಇವರು ಸ್ಪ್ಯಾನರ್ ಹಿಡೀಬಾರ್ದು ಅನ್ನೋಕೆ ನಿನಗೆ ಇಷ್ಟು ಅರ್ಜೆಂಟಾ!"

ಕೈಲಾಸ್ ಕಿವಿಯಿಂದ ಇಯರ್‌ಫೋನ್ ತೆಗೆದಿದ್ದನ್ನು ಬೀದಿಯ ಜನ ಮೊದಲ ಬಾರಿಗೆ ನೋಡಿದ್ದು ಅವತ್ತೇ. "ನಮ್ಮ ತಾತನ ಕಾಲದಲ್ಲೂ ಹಿಂಗೆ ಕೊಟ್ಟಿಲ್ಲ," ಎಂದ.

'ಆ ಹೂವನ್ನು ಬೀಳಿಸಿದ್ದು ತಾಯಿಯಲ್ಲ, ನಾನು' ಎಂದರೆ ಬೀದಿಯ ಜನ ನನ್ನನ್ನೇ ಬಿಚ್ಚಿ ಮಂಕರಿಗೆ ಹಾಕುತ್ತಿದ್ದರು. ಕೈ ಮುಗಿದು ನಿಂತೆ. ಕಣ್ಣಲ್ಲಿ ನೀರು ಬಂತು. ಭಕ್ತಿ ಎಂದು ಎಲ್ಲರೂ ಮೆಚ್ಚಿದರು.

ಜನ ಕರಗಿದ ಮೇಲೆ ದ್ರೌಪದಮ್ಮ ನನ್ನ ಹತ್ತಿರ ಬಂದು ಮೆಲ್ಲಗೆ ಹೇಳಿದಳು: "ಎಡಗಡೆದಕ್ಕೆ ಬಾಳೆನಾರು ಸುತ್ತಿದೀರಲ್ಲ, ಅದನ್ನ ಬಿಚ್ಚಿ ಬನ್ನಿ. ಪಾಪ, ತಾಯಿ ಕಿವಿ ಎಳೀತಿರುತ್ತೆ."

ನಾನು ತಾಯಿಯ ಕಡೆಗೆ ತಿರುಗಿ ಹೊರಟೆ.

"ಬಂದ್ಮೇಲೆ ಮುರುಗೇಶನಿಗೆ ಆ ಮಂಕರಿಯನ್ನೂ ತೋರಿಸಿ," ಎಂದು ಸೇರಿಸಿದಳು. "ಅದರ ಮೇಲಿನ ಗೋಣಿ ನಂಗೆ ನಾಳೆ ಬೇಕು."

ಶನಿವಾರ ಮುರುಗೇಶ ಮೇಷ್ಟ್ರ ಇಂಜಿನ್ನನ್ನು ತಂದ. ಇಪ್ಪತ್ತನಾಲ್ಕು ವರ್ಷದ ಮೇಲೆ ಪರಪುರುಷನೊಬ್ಬ ಆ ಸೀಟನ್ನು ಎತ್ತಿದ. ನಾನು ನೋಡಲಿಲ್ಲ, ಜಗಲಿಯಲ್ಲಿ ಬೆನ್ನು ತಿರುಗಿಸಿ ಪೇಪರ್ ಓದುತ್ತಿದ್ದೆ. (ಇಡೀ ಪೇಪರು. ಎರಡೂ ಅರ್ಧ. ಏನೂ ತಲೆಗೆ ಹೋಗಲಿಲ್ಲ.) ಸಂಜೆಗೆ ವ್ಯಾನು ಹೊರಟಿತು. ಹೊಗೆಯಿಲ್ಲ, ಕೆಮ್ಮಿಲ್ಲ. ಬೀದಿಯ ಮಕ್ಕಳು ಹಿಂದೆ ಓಡಲು ಬಂದು, ಓಡಲು ಏನೂ ಇಲ್ಲವೆಂದು ತಿಳಿದು ವಾಪಸಾದವು. ಮೇಷ್ಟ್ರ ಇಂಜಿನ್ನು ಎಷ್ಟು ಶಿಸ್ತಿನದೆಂದರೆ, ಸಿಗ್ನಲ್ಲಿನಲ್ಲಿ ನಿಂತಾಗ ಅದು ಓಡುತ್ತಿದೆಯೋ ಇಲ್ಲವೋ ನನ್ನ ಕಿವಿಗೆ ತಿಳಿಯಲಿಲ್ಲ. ಬುಲ್ ಟೆಂಪಲ್ ರಸ್ತೆಯ ಏರನ್ನು ಒಂದೇ ಉಸಿರಿಗೆ ಹತ್ತಿತು. "ಸೀಟು ತಣ್ಣಗಿದೆ ಕಣ್ರೀ," ಎಂದಳು ದ್ರೌಪದಮ್ಮ, ಹಾಲುಂಡವಳ ಹಾಗೆ. ನಾನು ಮಾರನೆಯ ಬೆಳಿಗ್ಗೆ ಹಾಲಿನ ಪ್ಯಾಕೆಟ್ ತಂದೆ.

ಆದರೆ ಹಳೆಯ ಇಂಜಿನ್ನು ನಮ್ಮ ಅಂಗಳದಲ್ಲೇ ಉಳಿಯಿತು. ಬಿಚ್ಚಿದ ಮಾಲನ್ನು ಗುಜರಿಯವನು ತೂಕಕ್ಕೆ ಮಾತ್ರ ಕೇಳಿದ; ಜೋಡಿಸಿಕೊಟ್ಟರೆ ಇಂಜಿನ್ನಿನ ಬೆಲೆಗೆ ಎಂದ. ಅಂದು ಮಧ್ಯಾಹ್ನ ಊಟವಾದ ಮೇಲೆ ನನ್ನ ತಲೆಯಲ್ಲಿ ಬೆಳಕು ಹರಿಯಿತು. ತಾಯಿ ಬೇಡವೆಂದದ್ದು ವ್ಯಾನಿನ ಇಂಜಿನ್ನಿಗೆ ಕೈ ಹಾಕುವುದನ್ನು. ವ್ಯಾನಿನಿಂದ ಇಳಿದ ಮೇಲೆ ಅದು ವ್ಯಾನಿನ ಇಂಜಿನ್ನು ಹೇಗಾಗುತ್ತದೆ? ಅನಾಥ ಇಂಜಿನ್ನು. ಅನಾಥರಿಗೆ ಕೈ ಕೊಡಬೇಡವೆಂದು ಯಾವ ತಾಯಿ ಹೇಳುತ್ತಾಳೆ?

ಸ್ಪ್ಯಾನರು ತೆಗೆದೆ. ಇದನ್ನು ಕಟ್ಟಿ, ಒದ್ದು ಎಬ್ಬಿಸಿ, ಅಂಗಳದಲ್ಲಿ ಗುಡುಗಿಸಿಬಿಟ್ಟರೆ ಸೀಟಿನ ಕೆಳಗಿನ ರಾಜ್ಯ ಹೋದರೂ ರಾಜತನ ಉಳಿಯುತ್ತದೆ.

ಅವರೆ ಅಷ್ಟರಲ್ಲಿ ಶುರುವಾಗಿತ್ತು. ಅಂಗಳದ ಒಂದು ಕಡೆ ನಾರಾಯಣಮ್ಮನ ಪಡೆ ಕಾಳು ಹಿತಕುತ್ತ ಕೂತರೆ ಇನ್ನೊಂದು ಕಡೆ ನಾನು ನಟ್ಟು ಹಾಕುತ್ತ ಕೂತೆ. ಮೊದಲ ದಿನ ಮೂರು ಬೋಲ್ಟುಗಳಿಗೆ ಜಾಗ ಸಿಗಲಿಲ್ಲ. ಎರಡನೆಯ ದಿನ ಆರಕ್ಕೆ. ಮೂರನೆಯ ದಿನ ಮಲ್ಲೇಶ್ವರದ ಎಂಟನೇ ಕ್ರಾಸಿನಿಂದ ವಾಟ್ಸಾಪಿನಲ್ಲಿ ಒಂದು ಫೋಟೋ ಬಂತು: ಬೇಳೆ ಸಾರು, ಮಧ್ಯದಲ್ಲಿ ಒಂದು ವಾಷರು. 'ಮೇಡಂ, ಇದನ್ನೂ ಹಿತಕಬೇಕಾ?' ದ್ರೌಪದಮ್ಮ ಫೋನನ್ನು ನನ್ನ ಮುಖದ ಮುಂದೆ ಹಿಡಿದಳು. "ಹುಡುಕ್ತಾ ಇದ್ದೆ," ಎಂದೆ.

ನಾಲ್ಕನೆಯ ದಿನ, ಅಂದರೆ ಇವತ್ತು, ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಒಂದು ನಟ್ಟು ಕೈ ಜಾರಿ ಎರಡನೇ ಸಿಲಿಂಡರಿನ ಒಳಗೆ ಬಿತ್ತು. ಅದು ಕಬ್ಬಿಣದ ಲೋಟದ ಹಾಗೆ ಒಂದು ಕೊಳವೆ, ಕೆಳಗೆ ಪಿಸ್ಟನ್ನು. ಬೆರಳುಗಳನ್ನು ಮೊಗ್ಗಿನ ಹಾಗೆ ಕೂಡಿಸಿ ಕೈಯನ್ನು ಒಳಗೆ ತೂರಿಸಿದೆ. ಹೋಯಿತು. ನಟ್ಟು ಸಿಕ್ಕಿತು. ಮುಷ್ಟಿ ಕಟ್ಟಿದೆ. ಎಳೆದೆ.

ಬರಲಿಲ್ಲ.

ನಟ್ಟು ಬಿಟ್ಟು ಎಳೆಯಬಹುದಲ್ಲ ಎಂದು ನೀವು ಕೇಳುತ್ತೀರಿ. ಬಿಟ್ಟು ಎಳೆದೆ. ಆಗಲೂ ಬರಲಿಲ್ಲ. ಎಳೆದೆಳೆದು ಗಿಣ್ಣುಗಳು ಊದಿಕೊಂಡಿದ್ದವು. ಆಮೇಲೆ ನಟ್ಟನ್ನು ಮತ್ತೆ ಹಿಡಿದುಕೊಂಡೆ. ಹೇಗೂ ಅಲ್ಲಿದ್ದೆನಲ್ಲ. ಯಾರಿಗೂ ತಿಳಿಯದ ಹಾಗೆ, ಇಂಜಿನ್ನಿನ ಮೇಲೆ ಒರಗಿ ಆಲೋಚನೆ ಮಾಡುವವನಂತೆ ಅರ್ಧ ಗಂಟೆ ಕೂತೆ.

"ಯಾಕ್ರೀ ಅಣ್ಣ, ಅದನ್ನ ತಬ್ಕೊಂಡು ಕೂತಿದೀರಿ?" ಎಂದಳು ನಾರಾಯಣಮ್ಮ.

"ಅಳತೆ ನೋಡ್ತಿದೀನಿ."

"ಮಣಿಕಟ್ಟಿನವರೆಗೂನಾ?"

ಹನ್ನೆರಡು ಹೆಂಗಸರು ಕಾಳು ಬಿಟ್ಟು ಎದ್ದು ಬಂದರು. "ತಾಯಿ ಕೈ ಹಾಕ್ಬೇಡ ಅಂತ ಬಾಯಿಬಿಟ್ಟು ಹೇಳಿದ್ಳಲ್ಲೇ!" ಎಂದು ಒಬ್ಬಳು, "ಸೋಪ್ ತನ್ನಿ," ಎಂದು ಇನ್ನೊಬ್ಬಳು. ಯಾರೋ ಫೋನ್ ಎತ್ತಿ ವಿಡಿಯೋ ಹಿಡಿದರು. ಬಸವನಗುಡಿಯ ಮುತ್ತೈದೆಯರಿಗೆ ಅದು ಈಗಾಗಲೇ ಮುಟ್ಟಿರುತ್ತದೆ. ಗುಡಿಗೆ ಸುದ್ದಿ ಹೋಗಿ ಕೈಲಾಸ್ ತೀರ್ಥದ ಚೊಂಬಿನೊಡನೆ ಬಂದ. ದ್ರೌಪದಮ್ಮ ಬೀದಿಯ ಹುಡುಗನೊಬ್ಬನ ಕೈಯಲ್ಲಿ ಹೊಸ ಇಂಜಿನ್ನಿನ ವ್ಯಾನನ್ನು ಓಕಳಿಪುರಕ್ಕೆ ಅಟ್ಟಿದಳು. ಅದು ಹೋದದ್ದೂ ಕೇಳಲಿಲ್ಲ, ಬಂದದ್ದೂ ಕೇಳಲಿಲ್ಲ; ನೋಡಿದರೆ ಹತ್ತೇ ನಿಮಿಷದಲ್ಲಿ ಮುರುಗೇಶ ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ, ಕೈಯಲ್ಲಿ ಗ್ರೀಸಿನ ಡಬ್ಬಿ.

"ಅಣ್ಣಾ, ಕೆಳಗಿಂದ ಪಿಸ್ಟನ್ ಬಿಚ್ತೀನಿ, ಎರಡು ನಿಮಿಷ. ಬೋರೂ ಒರೆಸಿ, ಹಂಗೇ ಪೂರ್ತಿ ಇಂಜಿನ್ ಜೋಡಿಸ್ಕೊಟ್ಟು ಹೋಗ್ತೀನಿ. ದುಡ್ಡು ಬೇಡ. ನಿಮ್ಮ ಕೆಲಸ ಅಂತಾನೇ ಹೇಳ್ತೀನಿ, ಯಾರಿಗೂ ಗೊತ್ತಾಗಲ್ಲ."

ಒಳ್ಳೆಯ ಮನುಷ್ಯ. ಅದೇ ನನಗೆ ಅವನ ಮೇಲಿರುವ ದೂರು ಎಂದೆನಲ್ಲ. ಸುತ್ತ ಬೀದಿಯೇ ನಿಂತಿತ್ತು. ದ್ರೌಪದಮ್ಮ ಕೊಬ್ಬರಿ ಎಣ್ಣೆಯ ಸೀಸೆ ಹಿಡಿದು ಬಗ್ಗಿದಳು. ಅವಳ ತುಟಿ ಬಿಗಿದುಕೊಂಡಿತ್ತು, ಭುಜ ಮಾತ್ರ ಕುಲುಕುತ್ತಿತ್ತು.

"ಕೈ ಕೊಡ್ರೀ, ಎಣ್ಣೆ ಬಿಡ್ತೀನಿ. ಇನ್ನೆಷ್ಟೊತ್ತು ಹಿಂಗೇ ಸಿಕ್ಕಾಕೊಂಡಿರ್ತೀರ?"

ನಾನು ಬೆನ್ನು ನೆಟ್ಟಗೆ ಮಾಡಿದೆ. ಇಂಜಿನ್ನೂ ನನ್ನ ಜೊತೆ ಒಂದು ಕಡೆ ಎದ್ದಿತು.

"ಯಾರೂ ಹತ್ರ ಬರ್ಬೇಡಿ. ಎಣ್ಣೆ ಒಳಗಿಡು ದ್ರೌಪದಿ, ಒಗ್ಗರಣೆಗಾಗುತ್ತೆ. ಮುರುಗೇಶ, ನೀನು ಕಾಫಿ ಕುಡ್ದು ಹೊರಡಪ್ಪ. ಸಿಕ್ಕಾಕೊಂಡಿದೀನಿ ಅಂದೋರ್ಯಾರು? ನಾನೇ ಹಿಡ್ಕೊಂಡಿದೀನಿ."